ಹೊರಗೆ ಕನ್ನಡದ ಬೋರ್ಡು, ಒಳಗೆ ಯಾರದೋ ಚಿತ್ರ

ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯ ಕಟ್ಟೆ. ಸಂಜೆ ಐದರ ಹೊತ್ತು. ನಾವು ಗೆಳೆಯರು ಸೇರಿ ಮಾಡುತ್ತಿದ್ದ ಮೊಬೈಲ್ ಆಟದ ಮೊದಲ ಚಿತ್ರವನ್ನು ಅಲ್ಲಿ ಕೂತಿದ್ದ ಒಬ್ಬ ಮುತ್ಯಾನ ಕೈಗೆ ಕೊಟ್ಟೆವು. ಅವರು ಕನ್ನಡಕ ಸರಿ ಮಾಡಿಕೊಂಡು, ಫೋನನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ನೋಡಿದರು.

"ಇದು ಯಾವೂರು ತಮ್ಮಾ?"

"ಬೀದರ್ ಕೋಟಿ ಮುತ್ಯಾ."

"ಯಾವ ಬೀದರ್?"

ಫೋನ್ ವಾಪಸ್ ಕೊಟ್ಟು ಅವರು ಎಲೆಯಡಿಕೆ ಚೀಲ ಬಿಚ್ಚಿದರು. ನಮಗೆ ಉತ್ತರ ಇರಲಿಲ್ಲ.

ಆಟಕ್ಕೆ ಅಚ್ಚ ಕನ್ನಡದ ಹೆಸರಿಟ್ಟಿದ್ದೆವು. ಕತೆ ನಮ್ಮದೇ. ಅಜ್ಜನ ಸಂದೂಕಿನ ಕೀಲಿಕೈ ಕಳೆದಿದೆ, ಮೊಮ್ಮಗಳು ಅದನ್ನು ಹುಡುಕುತ್ತ ಬೀದರ್ ಶಹರ, ಭಾಲ್ಕಿ, ಔರಾದ್ ಸುತ್ತುತ್ತಾಳೆ. ಮಾತೂ ನಮ್ಮ ಕಡೆಯದೇ. ಚಿತ್ರ ಮಾತ್ರ ನಮ್ಮದಲ್ಲ. ಕಂಪ್ಯೂಟರಿಗೆ ಒಂದು ಸಾಲು ಬರೆದು ಹಾಕಿ ಅರ್ಧ ನಿಮಿಷದಲ್ಲಿ ತೆಗೆದದ್ದು. ಅದರಲ್ಲಿ ಕೋಟೆಯ ಕಲ್ಲು ಗುಲಾಬಿ ಬಣ್ಣದ್ದು. ಗೋಡೆಯ ತುದಿಗೆ ರಾಜಸ್ಥಾನದ ಛತ್ರಿ. ಬಾಗಿಲ ಮುಂದೆ ಒಂಟೆ. ಸುತ್ತಲೂ ಮರಳು.

ನಾವು ಅದೇ ಕೋಟೆಯ ನೆರಳಲ್ಲಿ ಓದಿದವರು. ಶಾಲೆಯ ಪ್ರವಾಸ ಅಂದರೆ ಕೋಟೆಗೇ ಹೋದವರು. ಆದರೂ ಆ ಚಿತ್ರ ನೋಡಿ "ಭಾರಿ ಬಂದದ" ಎಂದಿದ್ದೆವು. ತಪ್ಪು ಹಿಡಿದದ್ದು ಕಟ್ಟೆಯ ಮೇಲಿನ ಮುತ್ಯಾ. ಅದಕ್ಕೇ ಈ ಬರಹ. ಮೊದಲು ನಮ್ಮನ್ನು ನಾವು ಬೈದುಕೊಳ್ಳುತ್ತೇವೆ, ಆಮೇಲೆ ಉಳಿದವರನ್ನು.

ಇದು ಎಂಥ ಆಟ?

ಗುಂಡು ಹಾರಿಸುವ ಆಟ ಇದಲ್ಲ. ಓಡುವ, ಜಿಗಿಯುವ ಆಟವೂ ಅಲ್ಲ. ಪರದೆಯ ಮೇಲೆ ಒಂದು ಚಿತ್ರ ಇರುತ್ತದೆ. ಚಿತ್ರದಲ್ಲಿನ ವಸ್ತುವಿನ ಮೇಲೆ ಬೆರಳಿಟ್ಟರೆ ಅದೇನು ಅಂತ ಆಟ ಹೇಳುತ್ತದೆ. ಬೇಕಾದದ್ದನ್ನು ಎತ್ತಿ ಜೋಳಿಗೆಗೆ ಹಾಕಿಕೊಳ್ಳಬಹುದು. ಇಲ್ಲಿ ಸಿಕ್ಕ ಹಗ್ಗ ಅಲ್ಲಿನ ಬಾವಿಗೆ ಕೆಲಸಕ್ಕೆ ಬರುತ್ತದೆ. ಅಲ್ಲಿ ಕೇಳಿದ ಮಾತು ಇಲ್ಲಿನ ಬಾಗಿಲು ತೆರೆಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಪಾಯಿಂಟ್ ಆಂಡ್ ಕ್ಲಿಕ್ ಅಡ್ವೆಂಚರ್ ಅನ್ನುತ್ತಾರೆ. ನಾವು ನೋಡಿ ಒತ್ತುವ ಆಟ ಅಂದುಕೊಳ್ಳೋಣ.

ಓಡುವ ಆಟದಲ್ಲಿ ಹಿಂದಿನ ಗೋಡೆ ಯಾವ ಊರಿನದಾದರೂ ನಡೆಯುತ್ತದೆ, ಅದನ್ನು ಯಾರೂ ನಿಂತು ನೋಡುವುದಿಲ್ಲ. ಈ ಆಟದಲ್ಲಿ ಆಡುವವರು ನಿಂತು ನೋಡುತ್ತಾರೆ. ಗೋಡೆ, ಗೂಡು, ಮೊಳೆ, ಮೊಳೆಗೆ ತೂಗುಹಾಕಿದ ಚೀಲ ಎಲ್ಲವನ್ನೂ ಒತ್ತಿ "ಇದೇನು?" ಅಂತ ಕೇಳುತ್ತಾರೆ. ಪುಸ್ತಕ ಓದುವವರು ಅಕ್ಷರ ಓದುವ ಹಾಗೆ ಇಲ್ಲಿ ಚಿತ್ರವನ್ನೇ ಓದುತ್ತಾರೆ.

ಚಿತ್ರ ಬರೆದವರಿಗೆ ಆ ವಸ್ತು ಏನೆಂದು ಗೊತ್ತಿಲ್ಲದಿದ್ದರೆ ಆಟಕ್ಕೂ ಗೊತ್ತಿರುವುದಿಲ್ಲ. ನಮ್ಮ ಮೊದಲ ಚಿತ್ರದಲ್ಲಿ ಕೋಟೆಯ ಬಾಗಿಲ ಪಕ್ಕ ಕೊಡವೂ ಅಲ್ಲದ, ದೀಪವೂ ಅಲ್ಲದ ಒಂದು ವಸ್ತು ಇತ್ತು. ಅದನ್ನು ಒತ್ತಿದರೆ ಏನು ಬರೆಯಬೇಕು ಅಂತ ನಾವು ಒಂದು ತಾಸು ತಲೆ ಕೆಡಿಸಿಕೊಂಡೆವು. ಕಂಪ್ಯೂಟರ್ ಯಾವ ವಸ್ತುವನ್ನೂ ನೋಡಿ ಬರೆದಿರಲಿಲ್ಲ. ವಸ್ತುವಿನ ಹಾಗೆ ಕಾಣುವ ಒಂದು ಕಲೆಯನ್ನು ಅಲ್ಲಿ ಬಳಿದಿತ್ತು. ಆ ಕಲೆಗೆ ಕನ್ನಡದಲ್ಲಿ ಹೆಸರಿಲ್ಲ. ಯಾವ ಭಾಷೆಯಲ್ಲೂ ಇಲ್ಲ.

ಭಾಲ್ಕಿಯ ಬೋರ್ಡು

ನಮ್ಮ ಭಾಗದವರಿಗೆಲ್ಲ ಗೊತ್ತಿರುವ ಒಂದು ಮಾತಿದೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕನ್ನಡ ಕಲಿಸಿದರು. ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಆಳುವವರ ಭಾಷೆ ಬೋರ್ಡಿನ ಮೇಲೆ ಇತ್ತು, ಮಕ್ಕಳ ಭಾಷೆ ಒಳಗೆ ಉಳಿಯಿತು.

ಈಗ ನಾವು ಮಾಡುತ್ತಿರುವುದು ಅದರ ತಿರುವುಮುರುವು. ಹೊರಗೆ ದೊಡ್ಡದಾಗಿ ಕನ್ನಡದ ಬೋರ್ಡು ಹಾಕುತ್ತೇವೆ. ಆಟದ ಹೆಸರು ಕನ್ನಡ, ಜಾಹೀರಾತು ಕನ್ನಡ, ನವೆಂಬರ್ ಒಂದಕ್ಕೆ ಬಿಡುಗಡೆ. ಒಳಗೆ ಹೋದರೆ ಮನೆ ಯಾರದೋ, ಮರ ಯಾವುದೋ, ದನ ಎಲ್ಲಿಯದೋ. ಅವರಿಗೆ ಬೇರೆ ಭಾಷೆಯ ಬೋರ್ಡು ಹಾಕುವ ಒತ್ತಾಯ ಇತ್ತು. ನಮಗೆ ಯಾರೂ ಒತ್ತಾಯ ಮಾಡಿಲ್ಲ. ಸೋಮಾರಿತನಕ್ಕೆ ಮಾಡಿದ್ದೇವೆ.

ಒಂದು ಮಾತು ಸ್ಪಷ್ಟ ಇರಲಿ. ನಮ್ಮ ಜಗಳ ಉರ್ದುವಿನ ಜೊತೆ ಅಲ್ಲ, ಪಾರ್ಸಿಯ ಜೊತೆ ಅಲ್ಲ, ಮರಾಠಿ ತೆಲುಗಿನ ಜೊತೆಯೂ ಅಲ್ಲ. ಬೀದರಿನ ಗೋಡೆಯ ಮೇಲಿನ ಪಾರ್ಸಿ ಅಕ್ಷರವೂ ನಮ್ಮದೇ. ನಮ್ಮ ಜಗಳ ನೋಡದೆ ಬರೆಯುವ ಚಿತ್ರದ ಜೊತೆ.

ಬೀದರ್: ಹೋಗಿ ನೋಡಿದರೆ ಏನು ಸಿಗುತ್ತದೆ

"ಕಂಪ್ಯೂಟರ್ ಪುಕ್ಕಟೆ ಬರೆದು ಕೊಡುವಾಗ ನೀವ್ಯಾಕೆ ತಿಂಗಳುಗಟ್ಟಲೆ ಕೂತು ಬರೆಯಬೇಕು?" ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಉತ್ತರ ಬೀದರ್ ಶಹರದಲ್ಲೇ ಇದೆ.

ಮಹಮೂದ್ ಗಾವಾನ್ ಮದರಸಾ ಕಟ್ಟಿಸಿದ್ದು 1472ರಲ್ಲಿ. ಮುಂದಿನ ಗೋಡೆಗೆ ಹಸಿರು, ನೀಲಿ, ಹಳದಿ, ಬಿಳಿ ಬಣ್ಣದ ಹೊಳಪಿನ ಬಿಲ್ಲೆಗಳನ್ನು ಹಚ್ಚಿದ್ದರು. 1696ರಲ್ಲಿ ಸ್ಫೋಟವಾಗಿ ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಈಗ ಒಂದು ಮಿನಾರು ನಿಂತಿದೆ, ಅದರ ಜೋಡಿ ಇಲ್ಲ. ಬಿಲ್ಲೆಗಳು ಕೆಲವು ಕಡೆ ಉಳಿದಿವೆ, ಬಹಳ ಕಡೆ ಉದುರಿವೆ. ಕಂಪ್ಯೂಟರಿಗೆ "ಬೀದರಿನ ಮದರಸಾ" ಅಂತ ಕೇಳಿ ನೋಡಿ. ನಮಗೆ ಅದು ಎರಡೂ ಮಿನಾರು ಬರೆದು ಕೊಟ್ಟಿತು, ಎಲ್ಲ ಬಿಲ್ಲೆ ಹಚ್ಚಿತು, ಫಳಫಳ ಹೊಳೆಯಿಸಿತು. ಆ ಸ್ಫೋಟ ಆಗಲೇ ಇಲ್ಲ ಅನ್ನುವ ಹಾಗೆ.

ಆಟಕ್ಕೆ ಬೇಕಾಗಿರುವುದು ಆ ಮುರಿದ ಜಾಗವೇ. ಮುರಿದ ಮಿನಾರಿನ ಕಡೆ ಬೆರಳಿಟ್ಟ ಮಗು "ಇಲ್ಲಿ ಏನಾಯ್ತು?" ಅಂತ ಕೇಳುತ್ತದೆ. ಕತೆ ಶುರುವಾಗುವುದು ಅಲ್ಲಿ.

ಅಷ್ಟೂರಿಗೆ ಹೋಗಿ. ಬಹಮನಿ ಸುಲ್ತಾನರ ಗೋರಿಗಳ ಸಾಲಿನಲ್ಲಿ ಹುಮಾಯೂನನ ಗೋರಿ ಸಿಡಿಲು ಬಡಿದು ಬಿರಿದು ನಿಂತಿದೆ. ಗುಮ್ಮಟ ಎಷ್ಟು ದಪ್ಪ, ಗೋಡೆ ಹೇಗೆ ಒಳಕ್ಕೆ ಬಾಗಿ ಗುಮ್ಮಟವಾಗುತ್ತದೆ ಅನ್ನುವುದು ಕತ್ತರಿಸಿದ ಈರುಳ್ಳಿಯ ಹಾಗೆ ಬಯಲಿಗೆ ಕಾಣುತ್ತದೆ. ಗುಮ್ಮಟ ಬರೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಬಸ್ಸಿನ ಖರ್ಚಿನಲ್ಲಿ ಸಿಗುತ್ತದೆ.

ಕೋಟೆಯಲ್ಲಿ ಶರ್ಜಾ ದರವಾಜಾದ ಮೇಲೆ ಎರಡು ಹುಲಿಗಳ ಉಬ್ಬುಚಿತ್ರ ಇದೆ. ಬಾಗಿಲಿಗೆ ಹೆಸರು ಬಂದದ್ದೇ ಅವುಗಳಿಂದ. ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂಡಿಸಿದ ಕೆಲಸ ಇದೆ, ಕೆತ್ತಿದ ಮರದ ಕಂಬಗಳಿವೆ. ಕೋಟೆಯ ಸುತ್ತ ಬಂಡೆಯನ್ನೇ ಕಡಿದು ಮಾಡಿದ ಕಂದಕ ಇದೆ, ಕೆಲವು ಕಡೆ ಮೂರು ಸಾಲು. ಮಣ್ಣು ಕೆಂಪು, ಜಂಬಿಟ್ಟಿಗೆ ಕಲ್ಲಿನ ದಿಬ್ಬ. ಇದು ಬೀದರಿನ ಬಣ್ಣ. ಗುಲಾಬಿ ಅಲ್ಲ, ಮರಳೂ ಅಲ್ಲ.

ಕೂತು ಬರೆಯಲು ಆಗದಿದ್ದರೆ ಫೋನಿನಲ್ಲಿ ಫೋಟೋ ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಹತ್ತಿರ ನಿಂತು ಫೋನು ಮೇಲಕ್ಕೆತ್ತಿ ತೆಗೆದರೆ ಗೋಡೆ ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ. ದೂರ ನಿಂತು, ಕಣ್ಣಿನ ಎತ್ತರಕ್ಕೆ ಹಿಡಿದು ತೆಗೆಯಿರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆಗೆಯಿರಿ, ನೆರಳು ಯಾವ ಕಡೆ ಬೀಳುತ್ತದೆ ಗೊತ್ತಾಗುತ್ತದೆ. ಆ ಫೋಟೋ ಪಕ್ಕದಲ್ಲಿಟ್ಟುಕೊಂಡು ಬರೆಯಿರಿ. 1947ರಲ್ಲಿ ಗುಲಾಮ್ ಯಜ್ದಾನಿ ಅವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಪುಸ್ತಕ ಬರೆದರು. ಅದರಲ್ಲಿ ಕಟ್ಟಡಗಳ ನಕ್ಷೆಗಳೂ ಫೋಟೋಗಳೂ ಇವೆ. ಅವರು ಒಂದೊಂದು ಕಟ್ಟಡದ ಮುಂದೆ ನಿಂತು ನೋಡಿದ್ದರು. ಕೈಯಲ್ಲೇ ಕ್ಯಾಮೆರಾ ಇರುವ ನಮಗೆ ಹೋಗಿ ನಿಲ್ಲಲು ಏನು ರೋಗ?

ಭಾಲ್ಕಿ: ಮನೆಯೊಳಗಿನ ಶಬ್ದಗಳು

ಆಟದ ಎರಡನೇ ಭಾಗ ಭಾಲ್ಕಿ ಕಡೆಯ ಹಳೆ ಮನೆಯಲ್ಲಿ ನಡೆಯುತ್ತದೆ. ಅದಕ್ಕೆ ನಾವು ಮೊದಲು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ತಯಾರಿ ಚಿತ್ರಗಳ ಗಂಟು ಇಳಿಸಿಕೊಂಡೆವು. "ಹಳ್ಳಿ ಮನೆ" ಅಂತ ಇತ್ತು. ತೆರೆದರೆ ಇಳಿಜಾರು ಹೆಂಚಿನ ಚಾವಣಿ, ಹೊಗೆಗೊಳವೆ, ಕಿಟಕಿಯ ಕೆಳಗೆ ಹೂವಿನ ಕುಂಡ, ಮೂಲೆಯಲ್ಲಿ ಬೆಂಕಿ ಕಾಯಿಸುವ ಗೂಡು. ನಮ್ಮ ಬಿಸಿಲಿಗೆ ಬೆಂಕಿ ಕಾಯಿಸುವ ಗೂಡು!

ನಮ್ಮ ಹಳೆ ಮನೆಯಲ್ಲಿ ಏನಿದೆ? ಊರಿಗೆ ಅಗಸಿ. ಮನೆಗೆ ಪಡಸಾಲಿ. ಮೇಲೆ ಮಣ್ಣಿನ ಮಾಳಗಿ. ಮಾಳಗಿಯಲ್ಲಿ ಬೆಳಕಿಂಡಿ. ಗೋಡೆಯಲ್ಲಿ ದೀಪ ಇಡುವ ಗೂಡು. ನೆಲದಡಿ ಜೋಳ ತುಂಬುವ ಹಗೇವು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಂಡು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ ಇರುತ್ತದೆ. ಇಷ್ಟರಲ್ಲೇ ಆಟಕ್ಕೆ ಎಷ್ಟು ಒಗಟು ಸಿಕ್ಕವು ನೋಡಿ. ಬಿಸಿಲಿನ ತುಂಡು ಯಾವ ಗೂಡಿನ ಮೇಲೆ ಬೀಳುತ್ತದೋ ಅಲ್ಲಿ ಕೈ ಹಾಕಬೇಕು. ಹಗೇವಿಗೆ ಇಳಿಯುವ ಮೊದಲು ಒಳಗೆ ಗಾಳಿ ಇದೆಯೋ ಇಲ್ಲವೋ ನೋಡಬೇಕು. ಮುಚ್ಚಿಟ್ಟ ಹಗೇವಿಗೆ ಬಾಯಿ ತೆರೆದ ಕೂಡಲೇ ಇಳಿದರೆ ಉಸಿರುಗಟ್ಟಿ ಜೀವ ಹೋಗುತ್ತದೆ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಹೊರಗಿನ ಚಿತ್ರದ ಗಂಟಿನಲ್ಲಿ ಈ ಒಗಟು ಹುಟ್ಟುವುದಿಲ್ಲ. ಅಲ್ಲಿ ಹಗೇವೇ ಇಲ್ಲ.

ಈ ಶಬ್ದಗಳನ್ನು ಈಗ ಎಷ್ಟು ಮಕ್ಕಳು ಕೇಳಿದ್ದಾರೆ? ಮಾಳಗಿ ಹೋಗಿ ಆರ್‌ಸಿಸಿ ಬಂತು. ಆಗಲಿ, ಸೋರುವ ಮಾಳಗಿಯ ಕೆಳಗೆ ಮಲಗು ಅಂತ ನಾವು ಯಾರಿಗೂ ಹೇಳುವುದಿಲ್ಲ. ಆದರೆ ವಸ್ತು ಹೋದ ಮೇಲೆ ಶಬ್ದಕ್ಕೆ ಕೂರಲು ಜಾಗ ಇರುವುದಿಲ್ಲ. ಪಠ್ಯಪುಸ್ತಕದಲ್ಲಿ ಪಟ್ಟಿ ಕೊಟ್ಟರೆ ಮಗು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುತ್ತದೆ. ಆಟದಲ್ಲಿ ಹಗೇವಿನೊಳಗೆ ಕೀಲಿಕೈ ಇದೆ ಅಂದರೆ ಮರೆಯುವುದಿಲ್ಲ.

ಔರಾದ್: ದನಕ್ಕೂ ಒಂದು ಮುಖ ಇದೆ

ಮೂರನೇ ಭಾಗ ಔರಾದ್ ಕಡೆಯ ಹೊಲ. ಎಳ್ಳಮಾವಾಸ್ಯೆ ದಿನ, ಹೊಲದಲ್ಲಿ ಭಜ್ಜಿ, ಅಂಬಲಿ. ಅಲ್ಲೊಂದು ಆಕಳು ಬೇಕಿತ್ತು. ತಯಾರಿ ಚಿತ್ರಗಳಲ್ಲಿ ಕಪ್ಪು ಬಿಳಿ ಮಚ್ಚೆಯ ಆಕಳು ಸಿಕ್ಕಿತು. "ನಮ್ಮ ದೇವಣಿಗೂ ಕಪ್ಪು ಬಿಳಿ ಬಣ್ಣ ಇರ್ತದಲ್ಲ, ನಡೀತದ" ಅಂದೆವು.

ನಡೆಯುವುದಿಲ್ಲ. ಅದು ಜರ್ಸಿ, ಎಚ್‌ಎಫ್ ಜಾತಿಯ ಹಾಗೆ ಸೀಮೆ ದನ. ಹಿಣಿಲು ಇಲ್ಲ, ಬೆನ್ನು ಹಲಗೆಯ ಹಾಗೆ ಸಪಾಟು. ಗಡಿಯಾಚೆಯ ಲಾತೂರ್ ಜಿಲ್ಲೆಯ ದೇವಣಿಯಿಂದ ಹೆಸರು ಪಡೆದ ನಮ್ಮ ದನಕ್ಕೆ ಹಿಣಿಲು ಇದೆ, ಗಂಗೆದೊಗಲು ಇದೆ, ಕಿವಿ ಜೋತು ಬಿದ್ದಿರುತ್ತವೆ. ಅದರಲ್ಲೂ ಮೂರು ಬಗೆ: ಮೈಯೆಲ್ಲ ಬಿಳಿ ಇರುವುದು ಒಂದು, ಮೈ ಬಿಳಿ ಇದ್ದು ಮುಖದ ಪಕ್ಕ ಕಪ್ಪಿರುವುದು ಒಂದು, ಮೈಮೇಲೆ ಕಪ್ಪು ಮಚ್ಚೆ ಇರುವುದು ಒಂದು. ಔರಾದಿನ ದನದ ಬಜಾರದಲ್ಲಿ ನಿಂತ ಹತ್ತು ವರ್ಷದ ಹುಡುಗ ಇದನ್ನು ದೂರದಿಂದ ಹೇಳುತ್ತಾನೆ. ಆ ಹುಡುಗನೇ ನಮ್ಮ ಆಟ ಆಡುವವನು. ಅವನ ಮುಂದೆ ಸೀಮೆ ಆಕಳನ್ನು ನಿಲ್ಲಿಸಿ ದೇವಣಿ ಅಂತ ಹೆಸರಿಟ್ಟರೆ ಅವನು ನಗುತ್ತಾನೆ. ನಗದಿದ್ದರೆ ಅದು ಇನ್ನೂ ಕೆಟ್ಟದ್ದು. ಹಾಗಾದರೆ ಅವನು ತನ್ನ ಕಣ್ಣಿಗಿಂತ ನಮ್ಮ ಪರದೆಯನ್ನು ನಂಬಿದ ಅಂತ ಅರ್ಥ.

ಔರಾದಿನಲ್ಲಿ ಇನ್ನೂ ಒಂದು ಲಾಭ ಇದೆ. ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಹೊಲದ ಬದುವಿನ ಮೇಲೆ ಕೇಳುತ್ತವೆ. ಬಿತ್ತುವ ಸಾಧನ ನಮಗೆ ಕೂರಿಗೆ, ಮರಾಠಿಯವರಿಗೆ ತಿಫಣ್, ತೆಲುಗಿನವರಿಗೆ ಗೊರ್ರು. ಚಿತ್ರ ಒಂದೇ, ಒತ್ತಿದರೆ ಮೂರು ಹೆಸರು. ಆದರೆ ಕೂರಿಗೆಯ ತಾಳು ಎಷ್ಟು, ಬಟ್ಟಲು ಎಲ್ಲಿ, ಬೀಜ ಯಾವ ದಾರಿಯಲ್ಲಿ ಇಳಿಯುತ್ತದೆ ಅಂತ ನೋಡಿ ಬರೆದಿದ್ದರೆ ಮಾತ್ರ ಮೂರು ಹೆಸರಿಗೂ ಬೆಲೆ.

"ನಮ್ಮ ಹತ್ತಿರ ಸಾಮಾನಿಲ್ಲ"

ಎರಡನೇ ತಕರಾರು ಇದು. ದೊಡ್ಡ ಕಂಪ್ಯೂಟರ್ ಇಲ್ಲ, ಪರದೆಯ ಮೇಲೆ ಬರೆಯುವ ಪೆನ್ನಿಲ್ಲ. ನಿಜ. ನಮ್ಮ ಹತ್ತಿರವೂ ಇಲ್ಲ.

1996ರಲ್ಲಿ ಅಮೆರಿಕದಲ್ಲಿ ದಿ ನೆವರ್‌ಹುಡ್ ಅಂತ ಒಂದು ನೋಡಿ ಒತ್ತುವ ಆಟ ಬಂತು. ಅದರ ಊರು, ಮನೆ, ಮನುಷ್ಯರೆಲ್ಲ ಮೆತ್ತನೆ ಮಣ್ಣಿನವು. ಮೂರು ಟನ್ನಿಗೂ ಹೆಚ್ಚು ಬಳಸಿದರಂತೆ. ಕೈಯಿಂದ ಮೆತ್ತಿ, ಚೂರು ಚೂರೇ ಸರಿಸಿ ಫೋಟೋ ತೆಗೆದರು. ಕಾರಹುಣ್ಣಿಮೆ ಮುಗಿದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮೆತ್ತುವ ಮಕ್ಕಳಿರುವ ನಾಡಿನಲ್ಲಿ ಸಾಮಾನಿಲ್ಲ ಅಂತ ಅಳುವುದು ಹೇಗೆ?

2003ರಲ್ಲಿ ಚೆಕ್ ದೇಶದ ಯಾಕುಬ್ ದ್ವೋರ್ಸ್ಕಿ ಅನ್ನುವ ಕಲಾ ವಿದ್ಯಾರ್ಥಿ ಸಾಮೊರೋಸ್ಟ್ ಅನ್ನುವ ಚಿಕ್ಕ ಆಟ ಮಾಡಿದ. ಪಾಚಿ, ಮರದ ತುಂಡುಗಳ ಫೋಟೋಗಳಿಂದಲೇ ಅದರ ಲೋಕ ಕಟ್ಟಿದ. 2014ರ ಲುಮಿನೋ ಸಿಟಿ ಆಟಕ್ಕೆ ಕಾಗದ, ರಟ್ಟುಗಳಿಂದ ಇಡೀ ಊರನ್ನೇ ಮಾಡಿ ಒಳಗೆ ದೀಪ ಹಚ್ಚಿ ಚಿತ್ರೀಕರಿಸಿದರು. ನಮ್ಮಲ್ಲಿ ಗಣಪತಿಗೆ ರಟ್ಟಿನ ಮಂಟಪ ಕಟ್ಟುವ ಹುಡುಗರಿಗೆ ಇದು ಹೊಸದಲ್ಲ.

ಪಾತ್ರ ನಡೆಯುವ ಚಿತ್ರ ಬರೆಯುವುದೇ ಎಲ್ಲಕ್ಕಿಂತ ಕಷ್ಟ. ಒಂದು ಕಡೆಗೆ ನಡೆಯಲು ಸುಮಾರು ಎಂಟು ಚಿತ್ರ ಬೇಕು. ನಮ್ಮ ಕಡೆ ಬರುವುದು, ಆಚೆ ಹೋಗುವುದು, ಪಕ್ಕಕ್ಕೆ ನಡೆಯುವುದು ಅಂತ ಮೂರು ಸಲ ಬರೆದರೆ 24. ಪ್ರಿನ್ಸ್ ಆಫ್ ಪರ್ಷಿಯಾ ಆಟ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೋ ತೆಗೆದು, ಅದರ ಮೇಲೆ ಗೆರೆ ಎಳೆದು ಪಾತ್ರ ಮಾಡಿದ. ಆಟ ಬಂದದ್ದು 1989ರಲ್ಲಿ. ನಾವೂ ನಮ್ಮ ಗೆಳತಿಯನ್ನು ಮಾಳಗಿಯ ಮೇಲೆ ನಡೆಸಿ ಫೋನಿನಲ್ಲಿ ತೆಗೆದೆವು.

ಇಲ್ಲೊಂದು ಎಚ್ಚರಿಕೆ. ಬಲಕ್ಕೆ ನಡೆಯುವ ಚಿತ್ರವನ್ನೇ ಕನ್ನಡಿಯ ಹಾಗೆ ತಿರುಗಿಸಿ ಎಡಕ್ಕೆ ನಡೆಸಬಹುದು ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಹಾಗೆ ತಿರುಗಿಸಿದಾಗ ನಮ್ಮ ಅಜ್ಜಿಯ ಸೆರಗು ಈ ಹೆಗಲಿನಿಂದ ಆ ಹೆಗಲಿಗೆ ಹೋಯಿತು, ಕುಡುಗೋಲು ಎಡಗೈಗೆ ಬಂತು. ಆಡಿದ ಮೊದಲ ಹೆಣ್ಣುಮಗಳೇ ಹಿಡಿದುಬಿಟ್ಟಳು. ಎಡಕ್ಕೂ ಬೇರೆ ಬರೆದೆವು. ಎಂಟು ಚಿತ್ರ ಹೆಚ್ಚಾಯಿತು, ಅಜ್ಜಿ ಅಜ್ಜಿಯಾಗಿ ಉಳಿದರು.

ಎರಡೇ ಬಣ್ಣದ ಶ್ರೀಮಂತಿಕೆ

"ದೊಡ್ಡ ಕಂಪನಿಗಳ ಆಟದ ಮುಂದೆ ನಿಮ್ಮ ಗೆರೆಚಿತ್ರ ಯಾರು ನೋಡ್ತಾರ?" ಇದು ಮೂರನೇ ತಕರಾರು. ಇದನ್ನು ಬೀದರಿನಲ್ಲಿ ನಿಂತು ಕೇಳುವವರಿಗೆ ನಾಚಿಕೆ ಆಗಬೇಕು.

ಬಿದರಿ ಕೆಲಸದಲ್ಲಿ ಎಷ್ಟು ಬಣ್ಣ? ಎರಡು. ಕಪ್ಪು, ಬೆಳ್ಳಿ. ಸತು ಹೆಚ್ಚು, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಚಿತ್ರ ಕೊರೆದು ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಎರಡು ಬಣ್ಣದ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆಟದ ಲೋಕದಲ್ಲೂ ಹೀಗೇ ಆಗಿದೆ. 2018ರಲ್ಲಿ ಬಂದ ರಿಟರ್ನ್ ಆಫ್ ದಿ ಓಬ್ರಾ ಡಿನ್ ಅನ್ನುವ ಆಟದ ಪರದೆಯಲ್ಲಿ ಇರುವುದು ಎರಡೇ ಬಣ್ಣ. ಅದನ್ನು ಜಗತ್ತು ಮೆಚ್ಚಿತು.

ಎರಡು ಬಣ್ಣಕ್ಕೆ ಇನ್ನೊಂದು ಲಾಭವೂ ಇದೆ. ಬಣ್ಣ ಕಡಿಮೆ ಇದ್ದಷ್ಟು ಚಿತ್ರದ ಫೈಲು ಹಗುರ. ಸಿಗ್ನಲ್ಲಿಗಾಗಿ ಮಾಳಗಿ ಹತ್ತುವ ಊರಲ್ಲೂ ಆಟ ಇಳಿಯುತ್ತದೆ, ಹಳೆ ಫೋನಿನಲ್ಲೂ ನಡೆಯುತ್ತದೆ. ಕೋಟೆಯ ರಾತ್ರಿಯ ದೃಶ್ಯವನ್ನು ನಾವು ಹೀಗೆ ಕಪ್ಪು ಬಿಳಿಯಲ್ಲೇ ಬರೆಯುತ್ತಿದ್ದೇವೆ.

ಆದರೆ ಬಿದರಿಯ ಬಳ್ಳಿ ಹೂವನ್ನು ಅಂಗಡಿಯ ಗಾಜಿನಿಂದ ಫೋಟೋ ಹೊಡೆದು ಆಟಕ್ಕೆ ಅಂಟಿಸುವುದು ಕಳ್ಳತನ. ಕಾನೂನು ಏನೇ ಹೇಳಲಿ, ನಮ್ಮ ಮಟ್ಟಿಗೆ ಅದು ಕಳ್ಳತನವೇ. ಹೂಜಿಯ ಮುಂದೆ ತಲೆ ಬಗ್ಗಿಸಿ ಕಣ್ಣು ಸವೆಸಿದವರ ಹತ್ತಿರ ಹೋಗಿ. ಕೇಳಿ. ಕೂತು ನೋಡಿ. ಯಾವ ಚಿತ್ರ ಬಳಸಬಹುದು, ಎಷ್ಟು ಕೊಡಬೇಕು ಅಂತ ಮಾತಾಡಿ. ಆಟದ ಕೊನೆಯಲ್ಲಿ ಅವರು ಒಪ್ಪಿದರೆ ಅವರ ಹೆಸರು ಹಾಕಿ. "ನಾವು ಹವ್ಯಾಸಿಗಳು, ದುಡ್ಡಿಲ್ಲ" ಅನ್ನುವುದು ನಮ್ಮ ಜೇಬಿನ ಸ್ಥಿತಿ. ಅದು ಅವರ ಕೆಲಸ ಎತ್ತಿಕೊಳ್ಳಲು ಪರವಾನಗಿ ಅಲ್ಲ.

ಅಕ್ಷರವೂ ಚಿತ್ರವೇ

ಹೊರಗಿನ ಸಾಧನದಲ್ಲಿ ಆಟ ಮಾಡುವಾಗ ಕನ್ನಡ ಅಕ್ಷರ ಒಡೆಯುತ್ತದೆ. ಒತ್ತಕ್ಷರ ಪಕ್ಕಕ್ಕೆ ಬೀಳುತ್ತದೆ, "ಕ್ಷ" ಎರಡು ತುಂಡಾಗುತ್ತದೆ. ಅಕ್ಷರಗಳನ್ನು ಒಂದರ ಕೆಳಗೆ ಒಂದು ಜೋಡಿಸುವ ಲೆಕ್ಕ ಆ ಸಾಧನಕ್ಕೆ ಗೊತ್ತಿಲ್ಲದಿರುವುದೇ ಕಾರಣ. ಆಗ ನಮ್ಮವರು ಏನು ಮಾಡುತ್ತಾರೆ? "ಹೋಗಲಿ, ಇಂಗ್ಲಿಷ್ ಹಾಕೋಣ" ಅನ್ನುತ್ತಾರೆ. ನಾವೂ ಒಂದು ವಾರ ಹಾಗೇ ಅಂದಿದ್ದೆವು.

ದಾರಿ ಇದೆ. ಗೊಡೋ ಅನ್ನುವ ಪುಕ್ಕಟೆ ಸಾಧನದ ನಾಲ್ಕನೇ ಆವೃತ್ತಿ 2023ರಲ್ಲಿ ಬಂತು. ಅದರಲ್ಲಿ ನಮ್ಮಂಥ ಲಿಪಿಗಳನ್ನು ಜೋಡಿಸುವ ಲೆಕ್ಕ ಇದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಅಕ್ಷರಗಳನ್ನು ಯಾರು ಬೇಕಾದರೂ ಬಳಸಬಹುದು. ಬೇರೆ ಸಾಧನವೇ ಬೇಕಾದರೆ ಮಾತುಗಳನ್ನು ಕೈಯಿಂದ ಬರೆದು ಚಿತ್ರವಾಗಿ ಇಡಿ. ಅಂಗಡಿಗೆ ಬೋರ್ಡು ಬರೆಯುವ ಕಲಾವಿದರು ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡು ಕೂತಿದ್ದಾರೆ. ಅವರ ಕೈಯಲ್ಲಿ ಬರೆಸಿದ ಕನ್ನಡಕ್ಕೆ ಯಾವ ಫಾಂಟೂ ಸಮ ಅಲ್ಲ. ಅದೂ ಆಗದಿದ್ದರೆ ಅಕ್ಷರವೇ ಬೇಡ, ಬೀದರಿನ ಮಾತನ್ನು ಬೀದರಿನವರ ಬಾಯಲ್ಲೇ ಹೇಳಿಸಿ ಕೇಳಿಸಿ. ಓದು ಬಾರದ ಅವ್ವನೂ ಆಡುತ್ತಾಳೆ.

ದೂರದ ಅಲಾಸ್ಕಾದಲ್ಲಿ ಇನ್ಯುಪಿಯಾಟ್ ಅನ್ನುವ ಮೂಲನಿವಾಸಿಗಳು ತಮ್ಮ ಕತೆಯನ್ನು ನೆವರ್ ಅಲೋನ್ ಅನ್ನುವ ಆಟವಾಗಿ 2014ರಲ್ಲಿ ತಂದರು. ಕತೆ ಹೇಳುವ ದನಿ ಅವರದೇ ಭಾಷೆಯಲ್ಲಿದೆ. ದಂತದ ಮೇಲೆ ಗೆರೆ ಕೊರೆಯುವ ಅವರ ಕಲೆಯ ಛಾಯೆ ಆಟದ ಚಿತ್ರಗಳಲ್ಲಿದೆ. ಅವರಿಗಿಂತ ನಾವು ಎಷ್ಟೋ ಪಾಲು ಹೆಚ್ಚು ಜನ ಇದ್ದೇವೆ. ನಮಗೆ ಕಡಿಮೆ ಇರುವುದು ಸಂಖ್ಯೆ ಅಲ್ಲ.

ಬರೆದವರ ಕೂಲಿ

ಈಗ ನಮ್ಮ ದೊಡ್ಡ ತಪ್ಪು. ಕಂಪ್ಯೂಟರ್ ಚಿತ್ರ ಕೈಬಿಟ್ಟ ಮೇಲೆ ಚಿತ್ರಕಲೆ ಓದಿದ ಒಬ್ಬ ಅಕ್ಕನ ಹತ್ತಿರ ಹೋದೆವು. ನೌಕರಿ ಸಿಗದೆ ಮದುವೆ ಮನೆಯಲ್ಲಿ ಮೆಹಂದಿ ಹಾಕಿ ದುಡಿಯುತ್ತಿದ್ದಾರೆ. "ಅಕ್ಕಾ, ಹತ್ತು ಚಿತ್ರ ಬರೆದು ಕೊಡ್ರಿ, ನಿಮ್ಮ ಹೆಸರು ಹಾಕ್ತೀವಿ" ಅಂದೆವು. ಅವರು ಹೇಳಿದರು: "ಪ್ರೋಗ್ರಾಂ ಬರೆಯೋ ಹುಡುಗಗ ಎಲ್ಲರೂ ರೊಕ್ಕ ಕೂಡಿಸಿ ಲ್ಯಾಪ್‌ಟಾಪ್ ಕೊಡಿಸೀರಿ. ನನಗ ಬಣ್ಣದ ರೊಕ್ಕ ಕೂಡ ಕೊಡಲ್ಲೇನು?"

ನಮ್ಮಲ್ಲಿ ಯಾರೂ ತಲೆ ಎತ್ತಲಿಲ್ಲ. ಪತ್ರಿಕೆಯಲ್ಲಿ ಕೂಲಿಕಾರರ ಬಗ್ಗೆ ಬರೆಯಲು ಕಲಿತವರು ನಾವು.

ಇದು ನಮ್ಮೊಬ್ಬರ ತಪ್ಪಲ್ಲ. 2012ರಲ್ಲಿ ಅನಿಮೇಶನ್ ಮತ್ತು ಆಟಗಳಿಗೆ ಅಂತಲೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. 2024ರಿಂದ 2029ರ ವರೆಗಿನ ಹೊಸ ನೀತಿಯೂ ಬಂದಿದೆ. ಅದು ಬೆಂಗಳೂರಿನಲ್ಲಿ ಬಹಳ ಚೆನ್ನಾಗಿ ಕೇಳಿಸುತ್ತದೆ. ಬೀದರಿಗೂ ಬೆಂಗಳೂರಿಗೂ ಸುಮಾರು 700 ಕಿಲೋಮೀಟರ್. ಆ ದೂರದಲ್ಲಿ ದನಿ ಕರಗಿಹೋಗುತ್ತದೆ. ಇಲ್ಲಿನ ಹುಡುಗ ಹುಡುಗಿಯರು 140 ಕಿಲೋಮೀಟರ್ ದೂರದ ಹೈದರಾಬಾದಿಗೆ ಹೋಗುತ್ತಾರೆ. ಅಲ್ಲಿ ಬೇರೆಯವರ ಊರು ಬರೆದು ಕೊಡುತ್ತಾರೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಸರ್ಕಾರ ಕಟ್ಟಡ ಕಟ್ಟುವ ಮೊದಲು ಒಂದು ಸಣ್ಣ ಕೆಲಸ ಮಾಡಲಿ. ಬೀದರ್, ಭಾಲ್ಕಿ, ಔರಾದಿನ ಚಿತ್ರ ಬರೆಯುವ ಹತ್ತು ಜನರಿಗೆ ಆರು ತಿಂಗಳ ಕೂಲಿ ಕೊಡಲಿ. ತಮ್ಮ ಊರಿನ ಬಾಗಿಲು, ಬಾವಿ, ದನ, ಗಿಡ, ಪಾತ್ರೆ ನೋಡಿ ಬರೆಯಲಿ. ಪಕ್ಕದಲ್ಲಿ ಹೆಸರನ್ನು ಅಲ್ಲಿನ ಮಾತಿನಲ್ಲೇ ಬರೆಯಲಿ. ಆಟ ಮಾಡುವ ಯಾವ ಮಗುವಾದರೂ ಅದನ್ನು ಬಳಸಲಿ. ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಜಾಗ ಖಾಲಿ ಇಟ್ಟುಕೊಂಡು "ಡಿಜಿಟಲ್ ಕಲೆ" ಅಂತ ಭಾಷಣ ಮಾಡುವುದನ್ನು ನಿಲ್ಲಿಸಲಿ.

ಆಟ ಮಾಡುವ ನಮ್ಮಂಥವರು ಮಾಡಬೇಕಾದದ್ದೂ ಇದೆ. ಆಟ ಚಿಕ್ಕದಿರಲಿ. ಮೂವತ್ತು ದೃಶ್ಯ ಬೇಡ, ಮೂರು ಸಾಕು. ಒಂದು ದೃಶ್ಯಕ್ಕೆ ಒಂದು ವಾರ ಹಿಡಿದರೂ ಹಿಡಿಯಲಿ. ಇರುವ ದುಡ್ಡಿನಲ್ಲಿ ಮೊದಲ ಪಾಲು ಚಿತ್ರಕ್ಕೆ. ದುಡ್ಡು ಇಲ್ಲವೇ ಇಲ್ಲ ಅಂದರೆ ಎಲ್ಲರಿಗೂ ಇಲ್ಲ, ಚಿತ್ರ ಬರೆದವರಿಗೆ ಮಾತ್ರ ಇಲ್ಲ ಅಂತ ಅಲ್ಲ.

ನಾವು ಆ ಅಕ್ಕನಿಗೆ ಬಣ್ಣ, ಕಾಗದ, ಬಸ್ ಖರ್ಚು, ಒಂದೊಂದು ಚಿತ್ರಕ್ಕೆ ಇಷ್ಟು ಅಂತ ಕೂಲಿ ಗೊತ್ತು ಮಾಡಿದೆವು. ಹೆಚ್ಚಿಲ್ಲ. ಆದರೆ ಮಾತಾಡಿ ಗೊತ್ತು ಮಾಡಿದ್ದು. ಒಂಟೆ, ಛತ್ರಿ, ಮರಳು ಎಲ್ಲ ಅಳಿಸಿದೆವು. ಹತ್ತು ದೃಶ್ಯ ಹೋಗಿ ಮೂರಾಯಿತು.

ಮೊನ್ನೆ ಭಾಲ್ಕಿ ಮನೆಯ ಹೊಸ ಚಿತ್ರ ಹಿಡಿದು ಅದೇ ಕಟ್ಟೆಗೆ ಹೋದೆವು. ಪೆನ್ಸಿಲಿನ ಗೆರೆ, ಇನ್ನೂ ಬಣ್ಣ ಹಾಕಿಲ್ಲ. ಮುತ್ಯಾ ಫೋನು ಹಿಡಿದು ಬಹಳ ಹೊತ್ತು ನೋಡಿದರು. ಈ ಸಲ ಯಾವೂರು ಅಂತ ಕೇಳಲಿಲ್ಲ. ಬೆರಳು ಪರದೆಯ ಮೂಲೆಗೆ ಹೋಯಿತು.

"ಹಗೇವಿನ ಬಾಯಿ ಇಷ್ಟು ಅಗಲ ಇರಲ್ಲ ತಮ್ಮಾ. ಒಬ್ಬ ಮನುಷ್ಯಾ ಇಳಿಯುವಷ್ಟೇ ಇರ್ತದ. ತಿದ್ರಿ."

ತಿದ್ದುತ್ತಿದ್ದೇವೆ.